ಸಿಪ್ರೊ, ಲಿವೊ, ಓಫ್ಲಾಕ್ಸ್, ನಾರ್‌ಫ್ಲಾಕ್ಸ್, ಮಾಕ್ಸಿ: ಯಾರಿಗೆ ಯಾವುದು, ಯಾವ ಮಾತ್ರೆಯ ಜೊತೆ ಬೇಡ

"ಅಕ್ಕ, ಹೋದ ಸಲ ಡಾಕ್ಟ್ರು ಸಿಪ್ರೊ ಬರೆದಿದ್ರು, ಈ ಸಲ ಬೇರೆಯವರು ಲಿವೊ ಬರೆದಿದ್ದಾರೆ, ಮನೆಯಲ್ಲಿ ಓಫ್ಲಾಕ್ಸ್ ಅರ್ಧ ಶೀಟ್ ಉಂಟು. ಯಾವುದಕ್ಕೆ ಪವರ್ ಜಾಸ್ತಿ?" ಉಡುಪಿಯಲ್ಲಿ ಮೆಡಿಕಲ್ ಕೌಂಟರ್ ಹಿಂದೆ ನಿಂತವರಿಗೆ ಈ ಪ್ರಶ್ನೆ ಹೊಸದಲ್ಲ. ಮಂಗಳೂರು, ಕಾರ್ಕಳ, ಕುಂದಾಪುರದಿಂದಲೂ ಚೀಟಿಯ ಫೋಟೋ ಕಳಿಸಿ ಇದನ್ನೇ ಕೇಳುತ್ತಾರೆ. ಹಿಂದೆ ಜನ ಸಾಲಾಗಿ ನಿಂತಿರುವಾಗ ಬಿಡಿಸಿ ಹೇಳಲು ಆಗುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ಐದೂ ಫ್ಲೋರೊಕ್ವಿನೊಲೋನ್ ಎಂಬ ಒಂದೇ ಮನೆತನದ ಆಂಟಿಬಯೋಟಿಕ್‌ಗಳು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್. ಕಂಪನಿ ಯಾವುದೇ ಇರಲಿ, ಶೀಟಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರು 'ಫ್ಲಾಕ್ಸಾಸಿನ್' ಅಂತ ಮುಗಿದರೆ ಅದು ಈ ಗುಂಪಿನದು. ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ಬಿಚ್ಚಿ ನಕಲು ಮಾಡಿಕೊಳ್ಳಲು ಬಳಸುವ ಎರಡು ಕಿಣ್ವಗಳನ್ನು ಇವು ತಡೆಯುತ್ತವೆ. ವೈರಸ್ ಮೇಲೆ ಇವುಗಳ ಆಟ ನಡೆಯುವುದಿಲ್ಲ, ಅಂದರೆ ಸಾದಾ ಶೀತಕ್ಕೆ, ಡೆಂಗ್ಯೂಗೆ ನುಂಗಿದರೆ ಸುಮ್ನೆ ದಂಡ.

ಯಾವ ಮಾತ್ರೆ ಅಂತ ಬರೆಯುವುದು ಡಾಕ್ಟರ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರೆದುರು ಕೂತ ಐದು ನಿಮಿಷದಲ್ಲಿ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ನನ್ನ ಅನುಭವದಲ್ಲಿ ತೊಂದರೆ ಶುರುವಾಗುವುದು ಹೆಚ್ಚಾಗಿ ಹೇಳದೆ ಬಿಟ್ಟ ಮಾತಿನಿಂದ. ಈ ಗುಂಪಿನಲ್ಲಿ ಆಯ್ಕೆ ನಿಲ್ಲುವುದು ಪವರ್ ಮೇಲೆ ಅಲ್ಲ, ನಿಮ್ಮ ಮನೆಯ ಮಾತ್ರೆ ಡಬ್ಬದಲ್ಲಿ ಇನ್ನೇನಿದೆ ಅನ್ನುವುದರ ಮೇಲೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲು, ಸೋಂಕು ಇರುವುದು ಎಲ್ಲಿ. ಮೂತ್ರದಲ್ಲಾ, ಎದೆಯಲ್ಲಾ, ಹೊಟ್ಟೆಯಲ್ಲಾ, ಗಾಯದಲ್ಲಾ? ಒಂದೊಂದು ಮಾತ್ರೆ ಒಂದೊಂದು ಕಡೆ ಚೆನ್ನಾಗಿ ಸೇರುತ್ತದೆ. ಆಮೇಲೆ, ಅಲ್ಲಿರುವ ಬ್ಯಾಕ್ಟೀರಿಯಾ ಈ ಮಾತ್ರೆಗೆ ಬಗ್ಗುತ್ತದಾ ಅನ್ನುವುದು. ಇದನ್ನು ಊಹಿಸಿ ಹೇಳಲು ಆಗುವುದಿಲ್ಲ, ಕಲ್ಚರ್ ಟೆಸ್ಟ್ ಮಾಡಿಸಬೇಕು, ಅಂದರೆ ಮೂತ್ರದಂಥ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಮದ್ದಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ. ಮೂರನೆಯದು ನೀವು ದಿನಾ ನುಂಗುವ ಮಾತ್ರೆಗಳು, ಡಾಕ್ಟರ್ ಬರೆದದ್ದು ಮಾತ್ರ ಅಲ್ಲ, ಗ್ಯಾಸ್‌ಗೆ, ಸೊಂಟನೋವಿಗೆ, ಸುಸ್ತಿಗೆ ಅಂತ ನೀವೇ ತಗೊಂಡದ್ದೂ ಸೇರಿ. ಕಿಡ್ನಿ, ಹೃದಯ, ವಯಸ್ಸು ನಾಲ್ಕನೆಯದು. ಊಟದ ಜೊತೆ ಹೊಂದುತ್ತದಾ, ದಿನಕ್ಕೆ ಎಷ್ಟು ಸಲ, ಖರ್ಚೆಷ್ಟು ಅನ್ನುವುದೆಲ್ಲ ಕೊನೆಗೆ. ಖರ್ಚನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ: ಈ ಐದರಲ್ಲಿ ಮಾಕ್ಸಿ ಬಿಟ್ಟರೆ ಉಳಿದವುಗಳ ನಡುವೆ ದರದ ಅಂತರ ದೊಡ್ಡದಲ್ಲ, ಸಿಪ್ರೊ ಅಂತೂ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರದಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ.

ಐದಕ್ಕೂ ಅನ್ವಯಿಸುವ ಜಗಳಗಳು

ಇದನ್ನು ಮೊದಲು ಓದಿ, ಯಾಕಂದರೆ ಇಲ್ಲಿ ಯಾವುದನ್ನು ಆರಿಸಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಮೆಗ್ನೀಸಿಯಂ, ಅಲ್ಯೂಮಿನಿಯಂ. ಇವು ಹೊಟ್ಟೆಯಲ್ಲೇ ಈ ಮಾತ್ರೆಗಳಿಗೆ ಅಂಟಿಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ನೀವು ಆಂಟಿಬಯೋಟಿಕ್ ನುಂಗಿದ್ದೇನೆ ಅಂದುಕೊಂಡಿರುತ್ತೀರಿ, ಮೈಗೆ ಸೇರಿದ್ದು ಅದರ ಒಂದು ಪಾಲು ಮಾತ್ರ. ಜ್ವರ ಇಳಿಯುವುದಿಲ್ಲ, ಬ್ಯಾಕ್ಟೀರಿಯಾ ಅರ್ಧಂಬರ್ಧ ಮದ್ದಿಗೆ ಒಗ್ಗಿಕೊಳ್ಳುತ್ತದೆ. ಇವು ಎಲ್ಲೆಲ್ಲಿ ಇವೆ ಗೊತ್ತಾ? ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಡೈಜಿನ್, ಜೆಲುಸಿಲ್ ತರದ ಸಿರಪ್ಪಿನಲ್ಲಿ. ಮಂಡಿನೋವಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯಲ್ಲಿ, ಬಸುರಿ ಬಾಣಂತಿಯರ ಕಬ್ಬಿಣದ ಮಾತ್ರೆಯಲ್ಲಿ. ಸುಸ್ತಿಗೆ ಅಂತ ಆಂಟಿಬಯೋಟಿಕ್ ಜೊತೆಗೇ ಬರೆದುಕೊಡುವ ವಿಟಮಿನ್ ಮಾತ್ರೆಯ ಹಿಂದೆ ನೋಡಿ, ಹೆಚ್ಚಾಗಿ ಜಿಂಕ್ ಇದ್ದೇ ಇರುತ್ತದೆ. ಅಲ್ಸರಿಗೆ ಕೊಡುವ ಸುಕ್ರಾಲ್ಫೇಟ್ ಸಿರಪ್ಪಿನಲ್ಲಿ ಅಲ್ಯೂಮಿನಿಯಂ. ಬೆಳಿಗ್ಗೆ ತಿಂಡಿ ಆದ ಕೂಡಲೇ ಎಲ್ಲಾ ಮಾತ್ರೆಯನ್ನೂ ಅಂಗೈಯಲ್ಲಿ ಸುರಿದು ಒಂದೇ ಗುಟುಕಿಗೆ ನುಂಗುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಈ ಗುಂಪಿನ ಮಾತ್ರೆಯ ಮಟ್ಟಿಗೆ ಅದು ಆಗಲೇಬಾರದು.

ಅಂತರ ಎಷ್ಟಿರಬೇಕು? ಸಿಪ್ರೊ ಆದರೆ ಇವುಗಳಿಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ. ಲಿವೊ, ಓಫ್ಲಾಕ್ಸ್, ನಾರ್‌ಫ್ಲಾಕ್ಸ್ ಆದರೆ ಎರಡೂ ಕಡೆ 2 ಗಂಟೆ. ಮಾಕ್ಸಿ ಆದರೆ 4 ಗಂಟೆ ಮೊದಲು ಅಥವಾ 8 ಗಂಟೆ ನಂತರ. ನನ್ನನ್ನು ಕೇಳಿದರೆ, ಐದೇಳು ದಿನದ ಕೋರ್ಸ್ ಆಗಿದ್ದರೆ ಕ್ಯಾಲ್ಸಿಯಂ, ವಿಟಮಿನ್ ಅಷ್ಟು ದಿನ ನಿಲ್ಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿಬಿಡಿ, ಲೆಕ್ಕ ಇಡುವ ತಲೆಬಿಸಿ ತಪ್ಪುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತರದ ಗ್ಯಾಸ್ ಮಾತ್ರೆಯಲ್ಲಿ ಈ ಲೋಹಗಳ ತೊಂದರೆ ಇಲ್ಲ, ಅದಕ್ಕೆ ಹೆದರಬೇಡಿ.

ಎರಡನೆಯದು ರಕ್ತ ತೆಳುವಾಗುವ ಮಾತ್ರೆ. ಹೃದಯದ ವಾಲ್ವ್ ಬದಲಾಯಿಸಿಕೊಂಡವರು ವಾರ್ಫರಿನ್ ಅಥವಾ ಅಸಿಟ್ರಾಮ್ ತಗೊಳ್ಳುತ್ತಿರುತ್ತಾರೆ. ಈ ಗುಂಪಿನ ಯಾವ ಮಾತ್ರೆ ಸೇರಿದರೂ ರಕ್ತ ಇನ್ನೂ ತೆಳುವಾಗಬಹುದು. ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಕಪ್ಪು ಮಲ ಕಂಡರೆ ಕಾಯುವುದು ಬೇಡ. ಬೇರೆ ದಾರಿಯೇ ಇಲ್ಲ ಅಂದರೆ ಶುರು ಮಾಡಿದ ಮೂರು ನಾಲ್ಕು ದಿನದೊಳಗೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಟೆಸ್ಟ್ ಮಾಡಿಸಲು ಡಾಕ್ಟರನ್ನು ಕೇಳಿ. ಮುಂದಿನ ತಿಂಗಳ ಮಾಮೂಲಿ ಟೆಸ್ಟಿನವರೆಗೆ ಬಿಡಬಾರದು.

ಮೂರನೆಯದು ಶುಗರ್. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಇವು ಶುಗರನ್ನು ಒಮ್ಮೆಲೆ ಕೆಳಗಿಳಿಸಬಹುದು, ಕೆಲವರಲ್ಲಿ ಏರಿಸಲೂಬಹುದು. ವಯಸ್ಸಾದವರು, ಕಿಡ್ನಿ ಸೋತವರು, ಜ್ವರದಿಂದ ಗಂಜಿಯೂ ಸರಿಯಾಗಿ ಇಳಿಯದವರು ಹೆಚ್ಚು ಎಚ್ಚರದಲ್ಲಿರಬೇಕು. ಇದೇ ಮನೆತನದ ಗ್ಯಾಟಿಫ್ಲಾಕ್ಸಾಸಿನ್ ಮಾತ್ರೆಯನ್ನು ಶುಗರ್ ಏರುಪೇರಿನ ಕಾರಣಕ್ಕೇ 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದರು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಕೋರ್ಸ್ ಮುಗಿಯುವವರೆಗೆ ದಿನಾ ನೋಡಿ. ಬೆವರು, ನಡುಕ, ತಲೆ ಖಾಲಿ ಖಾಲಿ ಅನಿಸಿದರೆ ಮೊದಲು ಸಕ್ಕರೆ ನೀರು, ಆಮೇಲೆ ಫೋನ್.

ನಾಲ್ಕನೆಯದಕ್ಕೆ ಜನ ಗಮನ ಕೊಡುವುದೇ ಕಡಿಮೆ. ಹಿಮ್ಮಡಿಯ ಹಿಂದೆ ದಪ್ಪ ಹುರಿಯ ಹಾಗೆ ಕೈಗೆ ಸಿಗುತ್ತದಲ್ವಾ, ಆ ಸ್ನಾಯುರಜ್ಜು ಊದಿಕೊಳ್ಳಬಹುದು, ಅಪರೂಪಕ್ಕೆ ಹರಿಯಲೂಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2008ರಲ್ಲಿ ಇದಕ್ಕಾಗಿ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. 60 ದಾಟಿದವರು, ಕಿಡ್ನಿ ಬದಲಾಯಿಸಿಕೊಂಡವರು, ದಮ್ಮಿಗೋ ಸಂಧಿವಾತಕ್ಕೋ ಪ್ರೆಡ್ನಿಸೊಲೋನ್ ತರದ ಸ್ಟಿರಾಯ್ಡ್ ತಗೊಳ್ಳುವವರು, ಇವರಿಗೆ ಅಪಾಯ ಜಾಸ್ತಿ. ಮಲ್ಪೆ ಬಂದರಿನಲ್ಲಿ ಬಲೆ ಎಳೆಯುವವರು, ಅಡಿಕೆ ಮರ ಹತ್ತುವವರು, ಮಂಗಳೂರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರು "ಎರಡು ಡೋಸ್ ಆಯ್ತು, ಜ್ವರ ಬಿಟ್ಟಿತು" ಅಂತ ಮರುದಿನವೇ ಕೆಲಸಕ್ಕೆ ಹೋಗುತ್ತಾರೆ. ಹಿಮ್ಮಡಿಯಲ್ಲೋ ಭುಜದಲ್ಲೋ ಹೊಸ ನೋವು ಕಂಡರೆ ಮಾತ್ರೆ ನಿಲ್ಲಿಸಿ, ಆ ಕಾಲಿಗೆ ಭಾರ ಹಾಕದೆ ಡಾಕ್ಟರ ಹತ್ತಿರ ಹೋಗಿ. ಕೋರ್ಸ್ ಮುಗಿದು ತಿಂಗಳುಗಳಾದ ಮೇಲೂ ಈ ನೋವು ಬರಬಹುದು, ಹಾಗಾಗಿ ಹಿಂದೆ ಈ ಮಾತ್ರೆ ತಗೊಂಡದ್ದನ್ನು ಮರೆಯದೆ ಹೇಳಿ.

ಕೈಕಾಲು ಜೋಮು, ಉರಿ, ವಿಪರೀತ ಗಲಿಬಿಲಿ, ನಿದ್ದೆಗೇಡು ಬಂದರೂ ಹಾಗೆಯೇ. ಮಯಸ್ಥೇನಿಯಾ ಗ್ರೇವಿಸ್ ಎಂಬ ಸ್ನಾಯು ದುರ್ಬಲವಾಗುವ ಕಾಯಿಲೆ ಇರುವವರಿಗೆ ಈ ಮನೆತನವೇ ಬೇಡ. ಎದೆ, ಹೊಟ್ಟೆಯ ಮಹಾಧಮನಿ ಉಬ್ಬಿದೆ ಅಂತ ಸ್ಕ್ಯಾನಿನಲ್ಲಿ ಬಂದವರಿಗೂ ಬೇರೆ ದಾರಿ ಇದ್ದರೆ ಇದು ಬೇಡ ಅಂತ 2018ರಲ್ಲಿ ಎಫ್‌ಡಿಎ ಹೇಳಿದೆ. ಮೂರ್ಛೆರೋಗ ಇದ್ದರೆ ಮೊದಲೇ ತಿಳಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರದ ನೋವಿನ ಮಾತ್ರೆ ಜೊತೆಗೆ ಸೇರಿದರೆ ಫಿಟ್ಸ್ ಬರುವ ಸಂಭವ ಹೆಚ್ಚು, ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು.

ಸಿಪ್ರೊ

ಮೂತ್ರದ ಕಡೆ, ಅದರಲ್ಲೂ ಸೋಂಕು ಕಿಡ್ನಿಗೆ ಏರಿ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಬಂದಾಗ, ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಸೋಂಕಿಗೆ, ಬ್ಯಾಕ್ಟೀರಿಯಾ ಬಗ್ಗುವಂತಿದ್ದರೆ ಇದು ನಿಜವಾಗಿ ಒಳ್ಳೆಯ ಮದ್ದು. ಸೂಡೊಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾಕ್ಕೆ ಬಾಯಲ್ಲಿ ಕೊಡಬಹುದಾದ ಬೆರಳೆಣಿಕೆಯ ಮಾತ್ರೆಗಳಲ್ಲಿ ಇದೂ ಒಂದು. ಅದಕ್ಕೇ ಇದನ್ನು ಪ್ರತಿ ಸಣ್ಣ ಉರಿಮೂತ್ರಕ್ಕೆ ಖರ್ಚು ಮಾಡಬಾರದು ಅಂತ ನಾನು ಹಟ ಹಿಡಿಯುವುದು. ಎದೆಯ ನ್ಯುಮೋನಿಯಾಕ್ಕೆ ಇದು ಸಾಲದು, ಅಲ್ಲಿ ಸಾಮಾನ್ಯವಾಗಿರುವ ನ್ಯುಮೊಕಾಕಸ್ ಮೇಲೆ ಹಿಡಿತ ಕಮ್ಮಿ.

ಇದರ ದೊಡ್ಡ ಕೊರತೆ ಬೇರೆ ಮಾತ್ರೆಗಳ ಜೊತೆ ಬೀಳುವ ಜಗಳ. ಲಿವರ್‌ನಲ್ಲಿ ಕೆಲವು ಮದ್ದುಗಳನ್ನು ಕರಗಿಸಿ ಹೊರಹಾಕುವ ಒಂದು ಕಿಣ್ವವನ್ನು ಸಿಪ್ರೊ ಕಟ್ಟಿಹಾಕುತ್ತದೆ, ಆಗ ಆ ಮದ್ದುಗಳು ರಕ್ತದಲ್ಲೇ ಜಮೆಯಾಗುತ್ತವೆ. ಟಿಜಾನಿಡಿನ್ ನೋಡಿ. ಸೊಂಟ ಹಿಡಿದುಕೊಂಡಾಗ, ಕುತ್ತಿಗೆ ನೋವಿಗೆ ಕೊಡುತ್ತಾರೆ, ನೋವಿನ ಮಾತ್ರೆಯ ಜೊತೆ ಸೇರಿಸಿ ಮಾಡಿದ್ದೂ ಸಿಗುತ್ತದೆ. ಸಿಪ್ರೊ ಜೊತೆಯಾದರೆ ಮೈಯಲ್ಲಿ ಇದರ ಪ್ರಮಾಣ ಸುಮಾರು 10 ಪಟ್ಟು ಏರುತ್ತದೆ. ಬಿ.ಪಿ. ಕುಸಿಯುತ್ತದೆ, ಎಚ್ಚರವೇ ಇಲ್ಲದಷ್ಟು ಮಂಪರು. ಇವೆರಡು ಒಟ್ಟಿಗೆ ಕೂಡದು ಅಂತಲೇ ನಿಯಮ, ಅಂತರ ಬಿಟ್ಟು ತಗೊಂಡರೆ ಆಗುತ್ತದಾ ಅಂತ ಕೇಳಬೇಡಿ, ಆಗುವುದಿಲ್ಲ.

ಮೊನ್ನೆ ಬಂದ ಅಜ್ಜಿಯೊಬ್ಬರ ಕೈಚೀಲದಲ್ಲಿ ಇವೆರಡೂ ಇದ್ದವು. ಸಿಪ್ರೊ ಚೀಟಿ ಕೈಯಲ್ಲಿ, ಸೊಂಟನೋವಿನ ಶೀಟ್ ಚೀಲದ ತಳದಲ್ಲಿ, ಅರ್ಧ ಹರಿದು. ಹೆಸರಿನ ಭಾಗ ಹರಿದುಹೋಗಿ ಬರೀ 'ಜಾನಿಡಿನ್' ಅಂತ ಉಳಿದಿತ್ತು. "ಅದು ಡಾಕ್ಟ್ರಿಗೆ ಹೇಳುವಂಥದ್ದಲ್ಲ ಮಗಾ, ನೋವಿನ ಮಾತ್ರೆ ಅಷ್ಟೇ" ಅಂದರು. ಡಾಕ್ಟರಿಗೆ ಫೋನ್ ಹಚ್ಚಿದೆ, ಅವರು ಕೂಡಲೇ ಬೇರೆ ಮಾತ್ರೆ ಬರೆಯಲು ಒಪ್ಪಿದರು. ಹಾಗಾಗಿ ಶೀಟ್ ಕತ್ತರಿಸುವಾಗ ಹೆಸರಿರುವ ಕಡೆಯಿಂದ ಕತ್ತರಿಸಬೇಡಿ.

ಥಿಯೋಫಿಲಿನ್ ಇನ್ನೊಂದು. ನಮ್ಮ ಕಡೆ ದಮ್ಮಿನವರಿಗೆ ಡೆರಿಫಿಲಿನ್ ಗೊತ್ತೇ ಇದೆ, ಅದರಲ್ಲಿ ಇರುವುದು ಇದೇ, ಮಳೆಗಾಲದಲ್ಲಿ ಎಷ್ಟೋ ಮನೆಯಲ್ಲಿ ಅದು ಇರುತ್ತದೆ. ಸಿಪ್ರೊ ಸೇರಿದರೆ ಅದು ಮೈಯಲ್ಲಿ ಹೆಚ್ಚಾಗಿ ವಾಂತಿ, ಎದೆ ಡವಡವ, ಕೆಲವೊಮ್ಮೆ ಫಿಟ್ಸ್. ಕಾಫಿಯ ಕೆಫೀನಿನದೂ ಇದೇ ಕತೆ: ದಿನಕ್ಕೆ ನಾಲ್ಕು ಫಿಲ್ಟರ್ ಕಾಫಿ ಬೇಕೇ ಬೇಕು ಅನ್ನುವವರಿಗೆ ರಾತ್ರಿ ನಿದ್ದೆ ಬಾರದೆ ಎದೆ ಹೊಡೆದುಕೊಂಡರೆ ಕಾಫಿ ಒಂದಕ್ಕೆ ಇಳಿಸಿ ನೋಡಲಿ. ಮನಸ್ಸಿನ ಕಾಯಿಲೆಗೆ ಕೊಡುವ ಕ್ಲೊಜಪಿನ್, ನರದ ನೋವಿಗೂ ಕೊಡುವ ಡುಲೊಕ್ಸೆಟಿನ್ ಕೂಡ ಏರುತ್ತವೆ. ಸಂಧಿವಾತದ ಮೆಥೊಟ್ರೆಕ್ಸೇಟ್ ಜೊತೆ ಬೇಡ. ಫಿಟ್ಸಿನ ಫೆನಿಟಾಯಿನ್ ಪ್ರಮಾಣ ಏರುಪೇರಾಗಬಹುದು.

ಊಟದ ವಿಷಯ: ಊಟ, ತಿಂಡಿಯ ಜೊತೆ ಅದರ ಭಾಗವಾಗಿ ಸ್ವಲ್ಪ ಮಜ್ಜಿಗೆ ಇದ್ದರೆ ದೊಡ್ಡ ತೊಂದರೆ ಇಲ್ಲ. ಬರೀ ಹಾಲು, ಮೊಸರು, ಹಾಲು ಹಾಕಿದ ರಾಗಿ ಮಾಲ್ಟ್ ಜೊತೆ ಮಾತ್ರೆ ನುಂಗಬೇಡಿ. ನೀರು ಧಾರಾಳ ಕುಡಿಯಿರಿ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ.

ಲಿವೊ

ದಿನಕ್ಕೆ ಒಂದೇ ಮಾತ್ರೆ, ನುಂಗಿದ್ದು ಬಹುಪಾಲು ಎಲ್ಲವೂ ರಕ್ತಕ್ಕೆ ಸೇರುತ್ತದೆ, ಊಟದ ಮೊದಲೋ ನಂತರವೋ ಅನ್ನುವ ಚಿಂತೆ ಇಲ್ಲ. ಸಿಪ್ರೊ ಕಟ್ಟಿಹಾಕುವ ಆ ಕಿಣ್ವದ ಗೊಡವೆಗೆ ಇದು ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಡೆರಿಫಿಲಿನ್, ಡುಲೊಕ್ಸೆಟಿನ್ ತಗೊಳ್ಳುವವರಿಗೆ ಈ ಗುಂಪಿನದೇ ಬೇಕಾದರೆ ಸಿಪ್ರೊಗಿಂತ ಲಿವೊ ಮೇಲು. ಎದೆಯ ಸೋಂಕಿಗೂ ಮೂತ್ರದ ಸೋಂಕಿಗೂ ಎರಡಕ್ಕೂ ನಡೆಯುತ್ತದೆ.

ಬದಲಿಗೆ ಕೊಡಬೇಕಾದ ಬೆಲೆ ಎರಡು. ಇದು ಹೊರಹೋಗುವುದು ಹೆಚ್ಚಾಗಿ ಕಿಡ್ನಿಯಿಂದ, ಕಿಡ್ನಿ ಸೋತದ್ದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದವರಿಗೆ ಡೋಸ್ ಇಳಿಸಲೇಬೇಕು. ರಿಪೋರ್ಟ್ ಇದ್ದರೆ ಚೀಟಿ ಬರೆಯುವ ಮೊದಲೇ ತೋರಿಸಿ. ಎರಡನೆಯದು ಹೃದಯದ ಬಡಿತದ ಲಯ. ಇಸಿಜಿಯಲ್ಲಿ ಕ್ಯೂಟಿ ಎಂಬ ಅವಧಿಯನ್ನು ಇದು ಉದ್ದ ಮಾಡಬಹುದು. ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್, ಮನಸ್ಸಿನ ಕಾಯಿಲೆಗೆ ಕೊಡುವ ಎಸಿಟಲೊಪ್ರಾಮ್, ಹ್ಯಾಲೊಪೆರಿಡಾಲ್ ಮುಂತಾದವೂ ಅದನ್ನೇ ಮಾಡುತ್ತವೆ. ವಾಂತಿಗೆ ಕೊಡುವ ಆಂಡನ್ಸೆಟ್ರಾನ್, ಡೊಂಪೆರಿಡೋನ್ ಕೂಡ. ಗ್ಯಾಸ್ ಮಾತ್ರೆಯ ಜೊತೆ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲ್ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ? ಹೃದಯದ ತೊಂದರೆ ಇರುವವರು, ಭೇದಿಯಿಂದ ಪೊಟ್ಯಾಸಿಯಂ ಇಳಿದವರು ಇದನ್ನು ಹಗುರ ಮಾಡಬಾರದು.

ಇನ್ನೊಂದು ಮಾತು, ಕೆಮ್ಮಿನ ಬಗ್ಗೆ. ಲಿವೊ ಮತ್ತು ಮಾಕ್ಸಿ ಮದ್ದಿಗೆ ಬಗ್ಗದ ಕ್ಷಯಕ್ಕೆ ಬಳಸುವ ಮುಖ್ಯ ಮಾತ್ರೆಗಳು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸದೆ ಲಿವೊ ತಗೊಂಡರೆ, ಒಳಗೆ ಟಿ.ಬಿ. ಇದ್ದದ್ದು ಸ್ವಲ್ಪ ದಿನ ಅಡಗಿ ಕೂತು, ಪತ್ತೆಯಾಗುವುದು ತಡವಾಗುತ್ತದೆ, ಮುಂದೆ ಬೇಕಾದಾಗ ಈ ಮದ್ದೂ ನಾಟದಂತೆ ಆಗಬಹುದು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮಂಗಳೂರಿನವರಿಗೆ ವೆನ್‌ಲಾಕ್ ಇದೆ, ನಮಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಲಿವೊ, ಮಾಕ್ಸಿ ಎರಡೂ 2014ರಿಂದ ಎಚ್1 ಎಂಬ, ಮಾರಾಟಕ್ಕೆ ಬಿಗಿ ನಿಯಮ ಇರುವ ಮದ್ದುಗಳ ಪಟ್ಟಿಯಲ್ಲಿವೆ. ಮಾರಿದಾಗ ರೋಗಿಯ, ಡಾಕ್ಟರ ಹೆಸರು ಬರೆದು ಆ ಪುಸ್ತಕವನ್ನು ಮೂರು ವರ್ಷ ಇಡಬೇಕು ಅಂತ ಕಾನೂನು. ನಾವು ಹೆಸರು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ ಮಾರಾಯ್ರೆ.

ಓಫ್ಲಾಕ್ಸ್, ನಾರ್‌ಫ್ಲಾಕ್ಸ್

ಓಫ್ಲಾಕ್ಸ್ ಅಂದರೆ ಲಿವೊದ ಅಣ್ಣ. ಓಫ್ಲಾಕ್ಸಾಸಿನ್‌ನಲ್ಲಿ ಎಡಗೈ ಬಲಗೈಯಂತೆ ಎರಡು ರೂಪಗಳಿವೆ, ಕೆಲಸ ಮಾಡುವ ಒಂದನ್ನು ಬೇರ್ಪಡಿಸಿದ್ದೇ ಲಿವೊ. ಹಾಗಾಗಿ ಓಫ್ಲಾಕ್ಸ್ ಹಿಡಿಯದ ಕಡೆ ಲಿವೊ ಪವಾಡ ಮಾಡುತ್ತದೆ ಅಂತ ನಿರೀಕ್ಷಿಸಬೇಡಿ. ನಮ್ಮಲ್ಲಿ ಇದು ಹೆಚ್ಚು ಹೋಗುವುದು ಆರ್ನಿಡಜೋಲ್ ಜೊತೆ ಸೇರಿದ ಭೇದಿ ಮಾತ್ರೆಯಾಗಿ, ಹಾಗೆಯೇ ನಾರ್‌ಫ್ಲಾಕ್ಸ್ ಟಿನಿಡಜೋಲ್ ಜೊತೆ. ಈ ಜೋಡಿ ಮಾತ್ರೆಗಳ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯ ಇದೆ. ನೀರು ನೀರಾಗಿ ಹೋಗುವ ಹೆಚ್ಚಿನ ಭೇದಿಗೆ ಆಂಟಿಬಯೋಟಿಕ್ಕೇ ಬೇಡ, ಓಆರ್‌ಎಸ್ ಬೇಕು. ರಕ್ತ ಬಿದ್ದರೆ, ಜೋರು ಜ್ವರ ಇದ್ದರೆ ಡಾಕ್ಟರ್ ನೋಡಿ ಆರಿಸಲಿ. ಒಂದಕ್ಕೆ ಎರಡು ಆಂಟಿಬಯೋಟಿಕ್ ಸೇರಿಸಿ ನುಂಗಿದರೆ ಅಡ್ಡಪರಿಣಾಮವೂ ಎರಡರದ್ದು. ವಾರ್ಫರಿನ್ ತಗೊಳ್ಳುವವರಿಗೆ ಅಂತೂ ಇದು ಎರಡು ಕಡೆಯಿಂದ ಹೊಡೆತ, ಯಾಕಂದರೆ ಆರ್ನಿಡಜೋಲ್ ಕೂಡ ರಕ್ತವನ್ನು ಇನ್ನಷ್ಟು ತೆಳು ಮಾಡುತ್ತದೆ.

ನಾರ್‌ಫ್ಲಾಕ್ಸ್ ರಕ್ತಕ್ಕೆ ಸೇರುವುದು ಕಡಿಮೆ. ಮೂತ್ರದಲ್ಲಿ, ಕರುಳಿನಲ್ಲಿ ಕೆಲಸ ಮಾಡುತ್ತದೆ, ಕಿಡ್ನಿಗೆ ಏರಿದ ಸೋಂಕಿಗೆ ನೆಚ್ಚಬಾರದು. ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬುವವರಿಗೆ ಆ ನೀರಿಗೆ ಮತ್ತೆ ಸೋಂಕು ತಗಲದಂತೆ ದಿನಾ ಕೊಡುವುದುಂಟು, ಅಂಥವರು ತಾವಾಗಿ ನಿಲ್ಲಿಸಬಾರದು. ಇದನ್ನು ಖಾಲಿ ಹೊಟ್ಟೆಯಲ್ಲಿ, ಊಟ ಅಥವಾ ಹಾಲಿಗೆ 1 ಗಂಟೆ ಮೊದಲು ಇಲ್ಲವೇ 2 ಗಂಟೆ ನಂತರ ತಗೊಳ್ಳಬೇಕು. ಥಿಯೋಫಿಲಿನ್ ಜೊತೆಗಿನ ಜಗಳ ಇದಕ್ಕೂ ಇದೆ, ಟಿಜಾನಿಡಿನ್ ಇದರ ಜೊತೆಗೂ ಬೇಡ.

ಮಾಕ್ಸಿ

ಎದೆಯ ಸೋಂಕಿಗೆ ಬಲವಾದದ್ದು, ದಿನಕ್ಕೆ 400 ಮಿಲಿಗ್ರಾಂನ ಒಂದು ಮಾತ್ರೆ, ಕಿಡ್ನಿ ಸೋತವರಿಗೂ ಡೋಸ್ ಬದಲಿಸಬೇಕಿಲ್ಲ. ಆದರೆ ಮೂತ್ರದಲ್ಲಿ ಸಾಕಷ್ಟು ಸೇರುವುದಿಲ್ಲ, ಉರಿಮೂತ್ರಕ್ಕೆ ದುಬಾರಿ ಅಂತ ಇದೇ ಒಳ್ಳೇದು ಅಂದುಕೊಂಡರೆ ದುಡ್ಡೂ ಹೋಯಿತು, ಸೋಂಕೂ ಉಳಿಯಿತು. ಕ್ಯೂಟಿ ಉದ್ದ ಮಾಡುವುದರಲ್ಲಿ ಐದರಲ್ಲಿ ಇದೇ ಮುಂದು, ಹೃದಯದ ಲಯ ತಪ್ಪುವ ಕಾಯಿಲೆ ಇರುವವರಿಗೆ ಬೇಡ. ಪೊರೆಯ ಆಪರೇಷನ್ ಆದ ಮೇಲೆ ಕೊಡುವ ಮಾಕ್ಸಿ ಕಣ್ಣಿನ ಹನಿಗೆ ಇಲ್ಲಿ ಬರೆದ ಹೆದರಿಕೆಗಳನ್ನು ಅಂಟಿಸಬೇಡಿ, ಹನಿಯಿಂದ ರಕ್ತಕ್ಕೆ ಹೋಗುವುದು ತೀರಾ ಅಲ್ಪ.

ಕಲ್ಚರ್ ರಿಪೋರ್ಟ್ ಓದುವುದು

ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಮೇಲೆ ಬ್ಯಾಕ್ಟೀರಿಯಾದ ಹೆಸರು ಇರುತ್ತದೆ, ಹೆಚ್ಚಾಗಿ ಇ. ಕೋಲೈ. ಕೆಳಗೆ ಮದ್ದುಗಳ ಸಾಲು, ಒಂದೊಂದರ ಎದುರು ಇಂಗ್ಲಿಷಿನ ಎಸ್, ಐ ಅಥವಾ ಆರ್. ಎಸ್ ಅಂದರೆ ಬಗ್ಗುತ್ತದೆ, ಐ ಅಂದರೆ ಎರಡರ ನಡುವಿನದು, ಆರ್ ಅಂದರೆ ಇಲ್ಲ. ಸಿಪ್ರೊ ಎದುರು ಆರ್ ಇದ್ದರೆ ಕೆಳಗೆ ಲಿವೊ, ನಾರ್‌ಫ್ಲಾಕ್ಸ್, ಓಫ್ಲಾಕ್ಸ್ ಎದುರಲ್ಲೂ ಸಾಮಾನ್ಯವಾಗಿ ಆರ್ ಸಾಲಾಗಿ ನಿಂತಿರುತ್ತದೆ. "ಸಿಪ್ರೊ ಹಿಡಿಯಲಿಲ್ಲ, ಲಿವೊ ಕೊಡಿ" ಅನ್ನುವುದಕ್ಕೆ ಅರ್ಥ ಇಲ್ಲದಿರುವುದು ಇದಕ್ಕೇ. ನಮ್ಮ ದೇಶದಲ್ಲಿ ಇ. ಕೋಲೈ ಈ ಇಡೀ ಗುಂಪಿಗೆ ಬಗ್ಗದಿರುವುದು ತೀರಾ ಸಾಮಾನ್ಯವಾಗಿದೆ. ಮಾದರಿಯನ್ನು ಮೊದಲ ಮಾತ್ರೆ ನುಂಗುವ ಮುಂಚೆ ಕೊಡಿ, ರಿಪೋರ್ಟಿಗೆ ಎರಡು ಮೂರು ದಿನ ಬೇಕು. ಟೆಸ್ಟಿನ ಖರ್ಚು ಮಾತ್ರೆಗಿಂತ ಜಾಸ್ತಿ ಅಂತ ಬಿಡುವವರಿದ್ದಾರೆ. ಪದೇ ಪದೇ ಉರಿಮೂತ್ರ ಬರುವವರು, ಗಂಡಸರು, ಬಸುರಿಯರು, ಶುಗರ್ ಇರುವವರು ದಯವಿಟ್ಟು ಬಿಡಬೇಡಿ.

ಹಾಗಾದರೆ ನಿಮಗೆ ಯಾವುದು

ಜ್ವರ ಇಲ್ಲದ, ಬೆನ್ನುನೋವಿಲ್ಲದ, ಬರೀ ಉರಿ ಮತ್ತು ಪದೇ ಪದೇ ಮೂತ್ರ ಬರುವ ಹೆಂಗಸರು ಈ ಐದನ್ನೂ ಬದಿಗಿಟ್ಟು "ನೈಟ್ರೊಫ್ಯುರಾಂಟೊಯಿನ್ ಆಗುತ್ತದಾ?" ಅಂತ ಡಾಕ್ಟರನ್ನು ಕೇಳಿ. ಬೇರೆ ದಾರಿ ಇದ್ದರೆ ಇಂಥ ಸಾದಾ ಉರಿಮೂತ್ರಕ್ಕೆ ಫ್ಲೋರೊಕ್ವಿನೊಲೋನ್ ಬೇಡ ಅಂತ ಎಫ್‌ಡಿಎ 2016ರಲ್ಲೇ ಹೇಳಿದೆ. ನೈಟ್ರೊಫ್ಯುರಾಂಟೊಯಿನ್ ಸಾಮಾನ್ಯವಾಗಿ ದಿನಕ್ಕೆರಡರಂತೆ 5 ದಿನ, ಊಟದ ಜೊತೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕಿಡ್ನಿ ತುಂಬಾ ಸೋತವರಿಗೆ, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ, ಹೆರಿಗೆ ಹತ್ತಿರ ಬಂದವರಿಗೆ ಇದು ಆಗದು. ಐದು ದಿನ ನೆನಪಿಟ್ಟು ನುಂಗಲು ಆಗದವರಿಗೆ ಫಾಸ್ಫೊಮೈಸಿನ್ ಇದೆ, 3 ಗ್ರಾಂ ಪುಡಿ, ನೀರಿಗೆ ಕಲಸಿ ಒಂದೇ ಸಲ. ಬೆಲೆ ಜಾಸ್ತಿ, ಆದರೆ ವಾರ್ಫರಿನ್, ಶುಗರ್ ಮಾತ್ರೆ ತಗೊಳ್ಳುವ ಮನೆಯ ಹಿರಿಯರಿಗೆ ಆ ಹೆಚ್ಚುವರಿ ಖರ್ಚು ಸಾರ್ಥಕ ಅಂತ ನನ್ನ ಲೆಕ್ಕ. ಕೋಟ್ರೈಮಾಕ್ಸಜೋಲ್ ಅಗ್ಗ, ಆದರೆ ಸಲ್ಫಾ ಅಲರ್ಜಿ ಇರುವವರಿಗೆ ಬೇಡ, ವಾರ್ಫರಿನ್ ಜೊತೆ ಅದರದ್ದೂ ಜಗಳ ಇದೆ.

ಸೋಂಕು ಕಿಡ್ನಿಗೆ ಏರಿದ್ದರೆ ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್ ಪುಡಿ ಎರಡೂ ಸಾಲದು. ಆಗ ಕಲ್ಚರಿನಲ್ಲಿ ಎಸ್ ಬಂದಿದ್ದರೆ ಸಿಪ್ರೊ ಅಥವಾ ಲಿವೊ ಸರಿಯಾದ ಆಯ್ಕೆ. ದಮ್ಮಿನ ಮಾತ್ರೆ, ಟಿಜಾನಿಡಿನ್ ಇರುವವರಿಗೆ ಲಿವೊ. ಹೃದಯದ ಲಯದ ಮಾತ್ರೆ ಇರುವವರಿಗೆ ಇವೆರಡರಲ್ಲಿ ಸಿಪ್ರೊ ಕಡಿಮೆ ಅಪಾಯದ್ದು. ಎರಡೂ ಬಗೆಯ ಮಾತ್ರೆ ತಗೊಳ್ಳುವವರಿಗೆ ಬೇರೆ ಗುಂಪಿನದೇ ಲೇಸು, ಬೇಕಾದರೆ ಒಂದೆರಡು ದಿನ ಅಡ್ಮಿಟ್ ಆಗಿ ಇಂಜೆಕ್ಷನ್ ತಗೊಂಡರೂ ಸರಿ.

ಜ್ವರಕ್ಕೆ? ನಮ್ಮ ಕರಾವಳಿಯ ಮಳೆಗಾಲದ ಜ್ವರಕ್ಕೆ ಇವುಗಳಲ್ಲಿ ಯಾವುದನ್ನೂ ಕಣ್ಣುಮುಚ್ಚಿ ಶುರು ಮಾಡಬೇಡಿ. ಮಲೇರಿಯಾ ಆಗಿದ್ದರೆ ರಕ್ತ ಪರೀಕ್ಷೆ ಬೇಕು, ಮದ್ದೇ ಬೇರೆ. ಇಲಿ ಜ್ವರ ಆಗಿದ್ದರೆ ಡಾಕ್ಸಿಸೈಕ್ಲಿನ್ ಇದೆ, ತೀವ್ರವಾದರೆ ಇಂಜೆಕ್ಷನ್. ಟೈಫಾಯ್ಡ್ ಆಗಿದ್ದರೂ ನಮ್ಮ ದೇಶದಲ್ಲಿ ಅದು ಸಿಪ್ರೊಗೆ ಬಗ್ಗುವ ಕಾಲ ಹೆಚ್ಚುಕಮ್ಮಿ ಮುಗಿದಿದೆ, ಈಗ ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಕೊಡುತ್ತಾರೆ. ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡುವವರು, ಅದರಲ್ಲೂ ಶುಗರ್ ಇರುವವರು ಮೆಲಿಯೊಯ್ಡೋಸಿಸ್ ಹೆಸರು ನೆನಪಿಡಿ. ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಈ ಕಾಯಿಲೆ ನಮ್ಮ ಕರಾವಳಿಯಲ್ಲಿದೆ, ಮಣಿಪಾಲದಲ್ಲಿ ಎಷ್ಟೋ ಮಂದಿಗೆ ಪತ್ತೆಯಾಗಿದೆ. ಇದಕ್ಕೆ ಸಿಪ್ರೊ, ಲಿವೊ ನೆಚ್ಚುವಂತಿಲ್ಲ, ವಾರಗಟ್ಟಲೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಬೇಕು. ಬಿಡದ ಜ್ವರಕ್ಕೆ ರಕ್ತದ ಕಲ್ಚರ್ ಕೇಳಿ.

ಬಸುರಿಯರಿಗೆ, ಹಾಲುಣಿಸುವವರಿಗೆ, 18 ತುಂಬದ ಮಕ್ಕಳಿಗೆ ಇವು ಮೊದಲ ಆಯ್ಕೆ ಅಲ್ಲ. ಡಾಕ್ಟರ್ ಗೊತ್ತಿದ್ದೇ ಬರೆದಿದ್ದರೆ ಕಾರಣ ಕೇಳಿ ತಿಳಿದುಕೊಳ್ಳಿ, ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಕೋರ್ಸ್ ನಡೆಯುವಾಗ ಮಧ್ಯಾಹ್ನದ ಬಿಸಿಲಿಗೆ ಮೈ ಒಡ್ಡಿದರೆ ಚರ್ಮ ಸುಟ್ಟ ಹಾಗೆ ಕೆಂಪಾಗಬಹುದು, ಬೀಚಿಗೆ ಹೋಗುವವರೂ ಅಂಗಳದಲ್ಲಿ ಅಡಿಕೆ ಒಣಗಿಸುವವರೂ ತುಂಬು ತೋಳು ಹಾಕಿಕೊಳ್ಳಿ.

ಮನೆಯಲ್ಲಿ ಉಳಿದ ಆ ಅರ್ಧ ಶೀಟ್ ಓಫ್ಲಾಕ್ಸ್ ಯಾವ ಕಾಯಿಲೆಗೂ ಪೂರ್ತಿ ಡೋಸ್ ಅಲ್ಲ. ಮತ್ತೆ ನುಂಗಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಡಬ್ಬವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಇಲ್ಲವೇ ಪ್ರತಿ ಶೀಟಿನ ಹಿಂಬದಿಯ ಫೋಟೋ ತೆಗೆದು ತೋರಿಸಿ. ಸೊಂಟನೋವಿನ ಮಾತ್ರೆ, ಗ್ಯಾಸ್ ಸಿರಪ್, ಕ್ಯಾಲ್ಸಿಯಂ ಕೂಡ ಅದರಲ್ಲಿ ಇರಲಿ.